ಹತ್ತಡಿ ಗೇಟಿಗೆ ಎಷ್ಟಾಗುತ್ತೆ? ಸಣ್ಣ ವೆಲ್ಡಿಂಗ್ ಶಾಪಿನವರು ಕೊಟೇಷನ್ ಮಾಡುವ ಬಗೆ

"ಅಣ್ಣಾ, ಹತ್ತಡಿ ಗೇಟಿಗೆ ಎಷ್ಟಾಗುತ್ತೆ?"

ದಿನಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ನಾನು ತುಮಕೂರಿನಲ್ಲಿ ಗೇಟು, ಗ್ರಿಲ್ಲು, ಶೆಡ್ಡು ಮಾಡುವ ಸಣ್ಣ ಶಾಪು ನಡೆಸುವವನು. ಶುರುವಿನಲ್ಲಿ ಈ ಪ್ರಶ್ನೆಗೆ ಒಂದೇ ಉಸಿರಿಗೆ ರೇಟ್ ಹೇಳಿಬಿಡುತ್ತಿದ್ದೆ. ಕೆಲಸವೂ ಬೇಕಾದಷ್ಟು ಸಿಗುತ್ತಿತ್ತು. ಶನಿವಾರ ಬಟವಾಡೆ ಮಾಡುವಾಗ ಮಾತ್ರ ಗಲ್ಲಾಪೆಟ್ಟಿಗೆ ಬರಿದಾಗಿರುತ್ತಿತ್ತು. ತಪ್ಪು ಕೆಲಸದಲ್ಲಿರಲಿಲ್ಲ, ರೇಟ್ ಹೇಳುವ ರೀತಿಯಲ್ಲಿತ್ತು ಎಂದು ಗೊತ್ತಾಗುವ ಹೊತ್ತಿಗೆ ಸುಮಾರು ದುಡ್ಡು ಕೈಬಿಟ್ಟು ಹೋಗಿತ್ತು.

ಈಗ ಕೊಟೇಷನ್ ಹೇಗೆ ಮಾಡುತ್ತೇನೆ ಎಂಬುದನ್ನು ಒಂದು ಗೇಟನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ಬರೆಯುತ್ತೇನೆ. ನಿಮ್ಮದು ಬಡಗಿ ಕೆಲಸವಿರಲಿ, ಪೇಂಟಿಂಗ್ ಇರಲಿ, ಫ್ಲೆಕ್ಸ್ ಬೋರ್ಡ್ ಇರಲಿ, ಅಂಕಿ ಬೇರೆಯಾದೀತು, ದಾರಿ ಇದೇ.

ಫೋನಿನಲ್ಲಿ ಕೇಳಬೇಕಾದ್ದು

ಫೋನ್ ಬಂದಾಗ ನಾವು ಹೇಳುವುದು ಕಡಿಮೆ, ಕೇಳುವುದು ಹೆಚ್ಚು ಇರಬೇಕು. ಕೆಲಸ ಎಲ್ಲಿ? ಕಟ್ಟಡ ಯಾವ ಹಂತದಲ್ಲಿದೆ? ಯಾವಾಗ ಬೇಕು? ಕೇಳುತ್ತಿರುವವರು ಮನೆಯ ಯಜಮಾನರೋ, ಮೇಸ್ತ್ರಿಯೋ, ಎಂಜಿನಿಯರೋ? ಮತ್ತು, ಇದನ್ನು ಬಹಳ ಜನ ಮರೆಯುತ್ತಾರೆ, ಮಾಡಿಸುವ ವಸ್ತು ಯಾವ ಉಪಯೋಗಕ್ಕೆ?

ತಿಪಟೂರು ಕಡೆಯ ರೈತರೊಬ್ಬರು "ಇಪ್ಪತ್ತು ಮೂವತ್ತರ ಒಂದು ಶೆಡ್ಡು, ಒಳಗೊಂದು ಅಟ್ಟ" ಎಂದರು. ಅಟ್ಟ ಎಂದರೆ ಹಳೇ ಸಾಮಾನು ಇಡಲು ಅಂದುಕೊಂಡಿದ್ದರೆ ಕೆಟ್ಟೆ. ಅದು ಕೊಬ್ಬರಿ ಅಟ್ಟ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗಬೇಕು. ಸಿಪ್ಪೆ ಸಮೇತದ ಕಾಯಿ ಒಂದಕ್ಕೆ ಒಂದು ಕೆಜಿ ಹಿಡಿದರೂ 10,000 ಕಾಯಿ ಎಂದರೆ 10 ಟನ್. "ಗೌಡ್ರೇ, ಮೇಲೆ ಎಷ್ಟು ಸಾವಿರ ಕಾಯಿ ಹಾಕ್ತೀರಿ?" ಎಂಬ ಒಂದು ಪ್ರಶ್ನೆಯಿಂದ ಅಟ್ಟದ ಕೆಳಗೆ ಭಾರ ಹೊರಲು ಹಾಕುವ ಕಬ್ಬಿಣದ ಚಾನೆಲ್ಲಿನ ಸೈಜೇ ಬದಲಾಯಿತು, ರೇಟೂ ಬದಲಾಯಿತು. ಆ ಲೆಕ್ಕವನ್ನು ಎಂಜಿನಿಯರ್ ಒಬ್ಬರ ಕೈಯಲ್ಲಿ ಮಾಡಿಸಿ, ಅವರ ಫೀಸನ್ನೂ ಕೊಟೇಷನ್ನಿಗೆ ಸೇರಿಸಿದೆ.

"ಅಂದಾಜಾದರೂ ಹೇಳಿ" ಎಂದು ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಅವರಿಗೆ ಒಂದೇ ಅಂಕಿ ಹೇಳಬೇಡಿ, "ಇಷ್ಟರಿಂದ ಇಷ್ಟರ ಒಳಗೆ, ಅಳತೆ ನೋಡಿದ ಮೇಲೆ ಪಕ್ಕಾ" ಎನ್ನಿ. ಆದರೆ ಕೇಳುವವರ ಕಿವಿಗೆ ಬೀಳುವುದು ಕಡಿಮೆಯ ಅಂಕಿಯೇ ಎಂಬುದು ನೆನಪಿರಲಿ. ಆ ಕಡಿಮೆಯ ಅಂಕಿಗೂ ನಿಮಗೆ ಗಿಟ್ಟುವಂತಿರಬೇಕು.

ಅಳತೆಗೆ ನೀವೇ ಹೋಗಿ

ಪ್ಲಾನ್ ನೋಡಿ ಕೊಟೇಷನ್ ಕೊಡಬಹುದು, ಸಾಮಾನು ಕತ್ತರಿಸಬಾರದು. ಈ ಪಾಠಕ್ಕೆ ನಾನು ಕಟ್ಟಿದ ಫೀಸು ಒಂಬತ್ತು ಕಿಟಕಿ ಗ್ರಿಲ್. ಗಾರೆ ಆಗುವ ಮೊದಲೇ ಮೇಸ್ತ್ರಿ ಅಳತೆ ಬರೆದುಕೊಟ್ಟರು, ನಾನು ಅದನ್ನೇ ನಂಬಿ ಗ್ರಿಲ್ ಕಟ್ಟಿದೆ. ಗಾರೆಯಾದ ಮೇಲೆ ಎರಡೂ ಕಡೆ ಅರ್ಧರ್ಧ ಇಂಚು ಒಳಗೆ ಬಂದಿತ್ತು. ಒಂಬತ್ತೂ ಗ್ರಿಲ್ಲುಗಳನ್ನು ಶಾಪಿಗೆ ವಾಪಸ್ ತಂದು, ಒಂದು ಬದಿ ಕತ್ತರಿಸಿ, ಮತ್ತೆ ವೆಲ್ಡ್ ಮಾಡಿ, ಮತ್ತೆ ಬಣ್ಣ ಹೊಡೆದೆ. ಮೇಸ್ತ್ರಿಯನ್ನು ಬೈಯ್ಯಲು ನನ್ನ ಹತ್ತಿರ ಬರಹದಲ್ಲಿ ಏನೂ ಇರಲಿಲ್ಲ.

ಹೋದಾಗ ಟೇಪು, ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ಅಗಲವನ್ನು ಮೇಲೆ, ನಡುವೆ, ಕೆಳಗೆ, ಹೀಗೆ ಮೂರು ಕಡೆ ಅಳೆಯಿರಿ. ಪಿಲ್ಲರುಗಳು ಒಂದಕ್ಕೊಂದು ನೇರ ಇರುವುದು ಅಪರೂಪ. ನೆಲದ ಇಳಿಜಾರು ನೋಡಿ, ಇಲ್ಲದಿದ್ದರೆ ಗೇಟು ಅರ್ಧ ತೆರೆದು ನೆಲಕ್ಕೆ ತಾಗಿ ನಿಲ್ಲುತ್ತದೆ. ಹಿಂಜು (ಬಾಗಿಲು ತಿರುಗುವ ಕೀಲು) ಕೂರಿಸುವ ಪಿಲ್ಲರ್ ಕಾಂಕ್ರೀಟಿನದೋ, ಬರೀ ಇಟ್ಟಿಗೆಯದೋ ಎಂದು ತಟ್ಟಿ ನೋಡಿ. ಲಗೇಜ್ ಆಟೊ ಬಾಗಿಲವರೆಗೆ ಬರುತ್ತದೆಯೋ, ಬೀದಿ ತುದಿಯಿಂದ ಹೊರಬೇಕೋ? ವೆಲ್ಡಿಂಗ್ ಮೆಷಿನ್ ತಡೆಯುವ ಕರೆಂಟ್ ಅಲ್ಲಿದೆಯೋ, ಜನರೇಟರ್ ತರಬೇಕೋ? ಎರಡನೇ ಮಹಡಿಯ ಬಾಲ್ಕನಿ ರೇಲಿಂಗ್ ಆದರೆ ಸಾಮಾನು ಮೇಲೇರಿಸುವುದೇ ಒಂದು ಕೆಲಸ. ಇಷ್ಟನ್ನೂ ಅಲ್ಲೇ ನಿಂತು ಬರೆದುಕೊಳ್ಳಿ, ಫೋಟೊ ತೆಗೆದುಕೊಳ್ಳಿ. ಅಳತೆ ಅಡಿ-ಇಂಚಿನಲ್ಲೋ ಎಂಎಂನಲ್ಲೋ, ಎರಡರಲ್ಲಿ ಒಂದೇ ಇರಲಿ. ಒಂದೇ ಹಾಳೆಯಲ್ಲಿ ಎರಡೂ ಬೆರೆತರೆ ಕಟಿಂಗ್ ಮಾಡುವ ಹುಡುಗ ಯಾವುದನ್ನು ಓದುತ್ತಾನೋ ದೇವರೇ ಬಲ್ಲ.

ತೂಕದ ಲೆಕ್ಕ

ಈಗ ಗೇಟಿಗೆ ಬರೋಣ. 10 ಅಡಿ ಅಗಲ, 5 ಅಡಿ ಎತ್ತರ, ಎರಡು ಬಾಗಿಲು. ಚೌಕಟ್ಟಿಗೆ 40×40 ಸ್ಕ್ವೇರ್ ಪೈಪ್, 2 ಎಂಎಂ. ಕೆಳಗಿನ 2 ಅಡಿಗೆ 16 ಗೇಜ್ ಶೀಟು, ಮೇಲಿನ 3 ಅಡಿಗೆ 12 ಎಂಎಂ ಚೌಕ ರಾಡು, ಸುಮಾರು ನಾಲ್ಕು ಇಂಚಿಗೊಂದು.

ಕಬ್ಬಿಣದ ತೂಕಕ್ಕೆ ಅಂಗಡಿಯವರನ್ನು ಕೇಳಬೇಕಾಗಿಲ್ಲ. ಒಂದು ಚದರ ಮೀಟರ್ ಶೀಟು ಒಂದು ಎಂಎಂ ದಪ್ಪಕ್ಕೆ 7.85 ಕೆಜಿ ತೂಗುತ್ತದೆ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ದುಂಡು ರಾಡಿಗೆ ಎಂಎಂ ಲೆಕ್ಕದ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ. ನಾನು ಅಡಿಯ ಲೆಕ್ಕಕ್ಕೆ ತಂದು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಈ ಪೈಪು ಅಡಿಗೆ 0.73 ಕೆಜಿ, 12 ಎಂಎಂ ಚೌಕ ರಾಡು 0.345 ಕೆಜಿ, 16 ಗೇಜ್ ಶೀಟು (1.6 ಎಂಎಂ ಹಿಡಿದರೆ) ಚದರಡಿಗೆ 1.17 ಕೆಜಿ.

ಗೇಟಿನಲ್ಲಿ ಕೂರುವ ಸಾಮಾನು ಇಷ್ಟು: ಪೈಪು 50 ಅಡಿ, ರಾಡು 28 ತುಂಡು ಎಂದರೆ 84 ಅಡಿ, ಶೀಟು 20 ಚದರಡಿ, ಹಿಂಜು ಮತ್ತು ಲಾಕಿನ ಪಟ್ಟಿಗಳು ನಾಲ್ಕೂವರೆ ಕೆಜಿ. ಒಟ್ಟು ಸುಮಾರು 93 ಕೆಜಿ.

ಆದರೆ ಅಂಗಡಿಯವನು 50 ಅಡಿ ಪೈಪು ಕೊಡುವುದಿಲ್ಲ, 20 ಅಡಿಯ ಲೆಂತ್ ಕೊಡುತ್ತಾನೆ. ಐದಡಿಯ ಹತ್ತು ತುಂಡಿಗೆ ಮೂರು ಲೆಂತ್ ಬೇಕು, ಅಲ್ಲಿಗೆ 60 ಅಡಿ. ಮೂರಡಿ ರಾಡು ಒಂದು ಲೆಂತಿನಲ್ಲಿ ಆರೇ ಬರುತ್ತದೆ, ಎರಡಡಿ ತುಂಡು ಉಳಿಯುತ್ತದೆ. 28 ತುಂಡಿಗೆ ಐದು ಲೆಂತ್, 100 ಅಡಿ. ಶೀಟು 8×4ರ ಒಂದು ಪೂರ್ತಿ ಹಾಳೆ, ಅದರಲ್ಲಿ 3×4ರ ತುಂಡು ಮಿಕ್ಕುತ್ತದೆ. ಅಂಗಡಿಯ ಬಿಲ್ಲು ಬರುವುದು 120 ಕೆಜಿಗೆ.

93 ಮತ್ತು 120ರ ನಡುವೆ 27 ಕೆಜಿ ಇದೆ. ಈ ಲೇಖನಕ್ಕಾಗಿ ತೆರಿಗೆ ಬಿಟ್ಟು ಕೆಜಿಗೆ 70 ರೂಪಾಯಿ ಎಂದು ಹಿಡಿಯೋಣ, ನಿಮ್ಮ ಊರಿನ ಇವತ್ತಿನ ರೇಟು ಹಾಕಿಕೊಳ್ಳಿ. ಆ ಲೆಕ್ಕದಲ್ಲಿ 1,890 ರೂಪಾಯಿ. ಗೇಟು ತೂಗಿ ರೇಟು ಹೇಳುವವರು ಕಳೆದುಕೊಳ್ಳುವುದು ಮೊದಲು ಇದನ್ನೇ. ಉಳಿದ ತುಂಡು ಮುಂದೆ ಯಾವುದಕ್ಕಾದರೂ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಶೀಟಿನ ತುಂಡು ಖಂಡಿತ ಬರುತ್ತದೆ. ಎರಡಡಿ ರಾಡುಗಳು ಮಾತ್ರ ನನ್ನ ಶಾಪಿನ ಮೂಲೆಯಲ್ಲಿ ರಾಶಿಯಾಗಿ ಬಿದ್ದು, ಕೊನೆಗೆ ಗುಜರಿಯವನ ತಕ್ಕಡಿಗೆ ಏರುತ್ತವೆ. ಹಾಗಾಗಿ ಸಾಮಾನಿನ ಲೆಕ್ಕವನ್ನು ಕೊಳ್ಳುವ ತೂಕಕ್ಕೇ ಮಾಡಿ.

ಕೈಯಿಂದ ಹೋಗುವ ದುಡ್ಡು

ಸಾಮಾನು 120 ಕೆಜಿ: 8,400
ಹಿಂಜು, ಅಲ್ಡ್ರಾಪ್ (ಗೇಟಿನ ಚಿಲಕ): 800
ವೆಲ್ಡಿಂಗ್ ರಾಡು, ಕಟಿಂಗ್ ಮತ್ತು ಗ್ರೈಂಡಿಂಗ್ ವೀಲು: 600
ರೆಡ್ ಆಕ್ಸೈಡ್ (ತುಕ್ಕು ತಡೆಯಲು ಮೊದಲು ಹೊಡೆಯುವ ಬಣ್ಣ), ಎನಾಮಲ್, ಥಿನ್ನರ್: 1,000
ವೆಲ್ಡರ್ ಮತ್ತು ಹೆಲ್ಪರ್, ಶಾಪಿನಲ್ಲಿ ಎರಡು ದಿನ: 3,400
ಅದೇ ಇಬ್ಬರು, ಫಿಟಿಂಗಿಗೆ ಅರ್ಧ ದಿನ: 850
ಲಗೇಜ್ ಆಟೊ: 600

ಕೂಡಿದರೆ 15,650. ನಮ್ಮ ಕಸುಬಿನ ಬಹುಪಾಲು ಜನ ಇಲ್ಲಿಗೆ ನಿಲ್ಲುತ್ತಾರೆ. ಇದರ ಮೇಲೆ ಎರಡು ಸಾವಿರವೋ ಮೂರು ಸಾವಿರವೋ ಇಟ್ಟು "ಹದಿನೆಂಟು ಕೊಡಿ ಸಾರ್" ಎಂದುಬಿಡುತ್ತಾರೆ. ಆ ಎರಡು ಮೂರು ಸಾವಿರ ಲಾಭವಲ್ಲ. ಶಾಪಿನ ಬಾಡಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಶಟರ್ ಎತ್ತಿದ್ದಕ್ಕೆ ಎಷ್ಟು?

ಕೆಲಸವಿರಲಿ ಇಲ್ಲದಿರಲಿ, ತಿಂಗಳಾದರೆ ಕೊಡಲೇಬೇಕಾದ ಖರ್ಚನ್ನು ಒಂದು ಕಡೆ ಬರೆಯಿರಿ. ಬಾಡಿಗೆ 9,000, ಕರೆಂಟು 4,000, ಫೋನು ಮತ್ತು ಬೈಕಿನ ಪೆಟ್ರೋಲು 3,000, ಮೆಷಿನ್ ರಿಪೇರಿಗೆ ಎತ್ತಿಡಬೇಕಾದ್ದು 2,500, ಲೆಕ್ಕ ಬರೆಯುವವರಿಗೆ ಮತ್ತು ಇತರೆ 1,500. ಇದರ ಜೊತೆಗೆ ನಿಮ್ಮ ಸಂಬಳ 25,000. ಹೌದು, ನಿಮ್ಮ ಸಂಬಳ. ನೀವು ಬೇರೆ ಶಾಪಿನಲ್ಲಿ ದುಡಿದಿದ್ದರೆ ಅದು ಬರುತ್ತಿತ್ತು ತಾನೆ? "ನಂದೇನು ಬಿಡಿ, ಉಳಿದದ್ದು ನಂದು" ಎನ್ನುವವರಿಗೆ ವರ್ಷದ ಕೊನೆಗೆ ಉಳಿಯುವುದು ಕಬ್ಬಿಣದ ಅಂಗಡಿಯ ಸಾಲ.

ಕೂಡಿದರೆ 45,000. ತಿಂಗಳಿಗೆ 25 ದಿನದ ಕೆಲಸ ಹಿಡಿದರೆ ದಿನಕ್ಕೆ 1,800. ನನ್ನ ಶಾಪಿನಲ್ಲಿ ಸಾಮಾನ್ಯವಾಗಿ ಒಟ್ಟಿಗೆ ಎರಡು ಕೆಲಸ ನಡೆಯುವುದರಿಂದ ಒಂದು ಕೆಲಸದ ತಲೆಗೆ ದಿನಕ್ಕೆ 900. ಈ ಗೇಟು ಎರಡೂವರೆ ದಿನದ್ದು, ಹಾಗಾಗಿ 2,250.

15,650ಕ್ಕೆ 2,250 ಸೇರಿ 17,900. ಇದು ಗೇಟಿನ ನಿಜವಾದ ಖರ್ಚು. ಇದಕ್ಕಿಂತ ಕೆಳಗೆ ಒಪ್ಪಿಕೊಂಡರೆ ನಮ್ಮ ಕೈಯಿಂದಲೇ ಹಾಕಿ ಗೇಟು ಮಾಡಿಕೊಟ್ಟಂತೆ.

ಲಾಭ ಯಾವುದರ ಮೇಲೆ?

"ಹದಿನೈದು ಪರ್ಸೆಂಟ್ ಇಟ್ಕೊಂಡಿದೀನಿ" ಎನ್ನುವವರಲ್ಲಿ ಎರಡು ಬಗೆ. ಒಬ್ಬರು 17,900ನ್ನು 1.15ರಿಂದ ಗುಣಿಸಿ 20,585 ಎನ್ನುತ್ತಾರೆ. ಅದು ಖರ್ಚಿನ ಮೇಲಿನ ಹದಿನೈದು. ನಾನು 0.85ರಿಂದ ಭಾಗಿಸುತ್ತೇನೆ, 21,059 ಬರುತ್ತದೆ. ಇದು ಗಿರಾಕಿ ಕೊಡುವ ನೂರು ರೂಪಾಯಿಯಲ್ಲಿ ಹದಿನೈದು. ವ್ಯತ್ಯಾಸ ಐನೂರರ ಒಳಗೇ ಇದೆ, ಆದರೆ ತಿಂಗಳಿಗೆ ಹತ್ತು ಕೆಲಸ ಮಾಡಿದರೆ ಅದು ಶಾಪಿನ ಅರ್ಧ ಬಾಡಿಗೆ. ರೌಂಡ್ ಮಾಡಿ 21,000 ಎಂದಿಟ್ಟುಕೊಳ್ಳೋಣ. ಲಾಭ 3,100.

ಇಲ್ಲೊಂದು ಜಗಳಕ್ಕೆ ಬರುವ ಮಾತು ಹೇಳಬೇಕು. ನಮ್ಮ ಕಸುಬಿನಲ್ಲಿ ಎಲ್ಲವೂ ಕೆಜಿ ರೇಟು. "ಪಕ್ಕದವರು ಕೆಜಿಗೆ 160ಕ್ಕೆ ಮಾಡ್ತಾರೆ" ಎಂದು ಗಿರಾಕಿ ಬರುತ್ತಾರೆ. ಈ ಗೇಟಿಗೆ 93 ಕೆಜಿ, 160ರಂತೆ 14,880. ನನ್ನ ಕೈಯಿಂದ ಹೋಗುವ 15,650ಕ್ಕೂ ಅದು ಸಾಲದು. ಹಾಗಾದರೆ ಪಕ್ಕದವರು ಹೇಗೆ ಮಾಡುತ್ತಾರೆ? ಪೈಪು 2 ಎಂಎಂ ಬದಲು ತೆಳುವಾಗಿರಬಹುದು, ರೆಡ್ ಆಕ್ಸೈಡ್ ಇಲ್ಲದೆ ನೇರ ಬಣ್ಣ ಹೊಡೆದಿರಬಹುದು, ಅಥವಾ ಅವರೂ ನಾನು ಹಿಂದೆ ಮಾಡಿದ ತಪ್ಪನ್ನೇ ಮಾಡುತ್ತಿರಬಹುದು.

ಕೆಜಿ ರೇಟು ಕೆಟ್ಟದ್ದೇನಲ್ಲ, ಅದಕ್ಕೆ ಜಾಗ ಬೇರೆ. ದೊಡ್ಡ ಶೆಡ್ಡಿನಲ್ಲಿ ತೂಕ ಹೆಚ್ಚು, ಕೆಜಿಗೆ ಬೀಳುವ ಕೂಲಿ ಕಡಿಮೆ, ಅಲ್ಲಿ ಕೆಜಿ ರೇಟು ಇಬ್ಬರಿಗೂ ನ್ಯಾಯ. ಹೂಬಳ್ಳಿ ಡಿಸೈನಿನ ರೇಲಿಂಗ್ ಮೂವತ್ತು ಕೆಜಿ ಇದ್ದರೂ ನಾಲ್ಕು ದಿನ ತಿನ್ನುತ್ತದೆ. ಅಂಥದ್ದಕ್ಕೆ ಒಟ್ಟು ಮೊತ್ತವೇ ಹೇಳಬೇಕು. ಗಿರಾಕಿ ಕೆಜಿಯಲ್ಲೇ ಕೇಳಿದರೆ ನಮ್ಮ ಒಟ್ಟು ಮೊತ್ತವನ್ನು ತೂಕದಿಂದ ಭಾಗಿಸಿ ಹೇಳಿದರಾಯಿತು. ಈ ಗೇಟಿಗೆ ಅದು ಸುಮಾರು 226 ರೂಪಾಯಿ.

ಜಿಎಸ್‌ಟಿ ಮಾತು ಮೊದಲೇ ಆಗಲಿ

ಕಬ್ಬಿಣದ ಗೇಟಿಗೆ ಜಿಎಸ್‌ಟಿ 18 ಪರ್ಸೆಂಟ್. ನೋಂದಣಿ ಇರುವವರು 21,000ದ ಮೇಲೆ 3,780 ಸೇರಿಸಿ 24,780 ಎಂದು ಬರೆಯಬೇಕು. ಕೊಟೇಷನ್ನಿನಲ್ಲಿ ಬರೀ "21,000" ಎಂದಿದ್ದರೆ ಗಿರಾಕಿ ಅದನ್ನೇ ಪೂರ್ತಿ ದುಡ್ಡು ಎಂದುಕೊಳ್ಳುತ್ತಾರೆ, ತಪ್ಪು ಅವರದಲ್ಲ. ಆಗ ತೆರಿಗೆ ನಮ್ಮ ಕೈಯಿಂದ ಹೋಗುತ್ತದೆ. 21,000ವನ್ನು 1.18ರಿಂದ ಭಾಗಿಸಿ ನೋಡಿ, 17,797. ಖರ್ಚು 17,900. ಒಂದು ಸಾಲು ಬರೆಯದೆ ಬಿಟ್ಟಿದ್ದಕ್ಕೆ ಮೂರು ಸಾವಿರದ ಲಾಭ ಪೂರ್ತಿ ಹೋಗಿ, ಮೇಲೆ ನೂರು ರೂಪಾಯಿ ನಷ್ಟ.

ಕಾಂಪೊಸಿಷನ್ ಸ್ಕೀಮಿನಲ್ಲಿ (ಸಣ್ಣವರು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ತೆಗೆದುಕೊಳ್ಳುವಂತಿಲ್ಲ, ಕೊಡುವುದು ಬಿಲ್ ಆಫ್ ಸಪ್ಲೈ, ಎಂದರೆ ತೆರಿಗೆ ತೋರಿಸದ ಬಿಲ್ಲು. ಅವರಿಗೆ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲವಾದ್ದರಿಂದ 8,400ರ ಬದಲು 9,912 ಎಂದೇ ಖರ್ಚು ಹಿಡಿಯಬೇಕು. ನೋಂದಣಿಯೇ ಇಲ್ಲದವರಿಗೂ ಇದೇ ಲೆಕ್ಕ. ನಮ್ಮ ರಾಜ್ಯದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆಯವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಗೋಡೆಗೆ, ನೆಲಕ್ಕೆ ಕೂರಿಸಿಕೊಡುವ ಕೆಲಸ ವರ್ಕ್ಸ್ ಕಾಂಟ್ರಾಕ್ಟ್ ಎನಿಸಿ ಸೇವೆಯ ಪಟ್ಟಿಗೆ ಸೇರಬಹುದು. ನಿಮ್ಮದು ಯಾವುದು ಎಂದು ನಿಮ್ಮ ಆಡಿಟರನ್ನು ಒಮ್ಮೆ ಕೇಳಿಬಿಡಿ.

ಗಿರಾಕಿ ಕಂಪನಿಯಾದರೆ ಇನ್ನೆರಡು ವಿಷಯ. ಒಂದೇ ಬಿಲ್ಲು 30,000 ದಾಟಿದರೆ ನಿಮ್ಮ ಒಬ್ಬರ ಹೆಸರಿನ ಶಾಪಿಗೆ 1 ಪರ್ಸೆಂಟ್ ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ದುಡ್ಡು ಕೊಡುತ್ತಾರೆ, ಗಾಬರಿ ಬೇಡ, ರಿಟರ್ನ್ ಹಾಕಿದಾಗ ಅದು ನಿಮ್ಮ ಲೆಕ್ಕಕ್ಕೇ ಜಮಾ. ಎರಡನೆಯದು, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ) ಮಾಡಿಸಿಕೊಂಡು ಆ ನಂಬರನ್ನು ಕೊಟೇಷನ್ನಿನ ತಲೆಯ ಮೇಲೆ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು, ಬರಹದ ಒಪ್ಪಂದವಿದ್ದರೂ, 45 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಆ ನಂಬರ್ ಕಂಡರೆ ಅಕೌಂಟ್ಸ್ ವಿಭಾಗದವರ ಧಾಟಿಯೇ ಸ್ವಲ್ಪ ಬದಲಾಗುತ್ತದೆ.

ಹಾಳೆಯ ಮೇಲೆ

ಮೇಲೆ ಶಾಪಿನ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಕೊಟೇಷನ್ ನಂಬರ್, ತಾರೀಖು, ಗಿರಾಕಿಯ ಹೆಸರು, ಕೆಲಸದ ಜಾಗ. ಇದು ಎಲ್ಲರಿಗೂ ಗೊತ್ತು. ಕೊಟೇಷನ್ನಿನ ಜೀವ ಇರುವುದು ಕೆಲಸದ ವಿವರಣೆಯಲ್ಲಿ. ನಾನು ಬರೆಯುವುದು ಹೀಗೆ:

"ಮನೆ ಮುಂದಿನ ಕಬ್ಬಿಣದ ಗೇಟು, ಎರಡು ಬಾಗಿಲು, ಅಗಲ 10 ಅಡಿ, ಎತ್ತರ 5 ಅಡಿ. ಚೌಕಟ್ಟು 40×40×2 ಎಂಎಂ ಸ್ಕ್ವೇರ್ ಪೈಪ್. ಕೆಳಗೆ 2 ಅಡಿ 16 ಗೇಜ್ ಶೀಟು, ಮೇಲೆ 12 ಎಂಎಂ ಚೌಕ ರಾಡು. ಒಂದು ಕೋಟ್ ರೆಡ್ ಆಕ್ಸೈಡ್, ಎರಡು ಕೋಟ್ ಎನಾಮಲ್, ಬಣ್ಣ ಗಿರಾಕಿಯ ಆಯ್ಕೆ. ಹಿಂಜು, ಅಲ್ಡ್ರಾಪ್, ಸಾಗಣೆ, ಫಿಟಿಂಗ್ ಸೇರಿದೆ."

"ಗೇಟು 10×5, 21,000" ಎಂದು ಬರೆದವರ ಚೀಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಗಿರಾಕಿ ಎರಡನ್ನೂ ಹಿಡಿದು ಕೂತಾಗ ಆ ಚೀಟಿಯವರಿಗೆ ಫೋನ್ ಮಾಡಿ "ನಿಮ್ಮದು ಎಷ್ಟು ಎಂಎಂ ಪೈಪು?" ಎಂದು ಕೇಳುತ್ತಾರೆ. ಪಕ್ಕದವರ ಕೆಲಸವನ್ನು ನಾವು ಹಳಿಯಬೇಕಾದ ಪ್ರಮೇಯವೇ ಬರುವುದಿಲ್ಲ.

ಮುಂದಿನದು ಸೇರದೇ ಇರುವ ಕೆಲಸಗಳ ಪಟ್ಟಿ. ಜಗಳಗಳೆಲ್ಲ ಹುಟ್ಟುವುದು ಇಲ್ಲಿ, ಹಾಗಾಗಿ ಇದನ್ನು ಸಣ್ಣ ಅಕ್ಷರದಲ್ಲಿ ಮೂಲೆಗೆ ತಳ್ಳಬೇಡಿ. "ಪಿಲ್ಲರ್ ಒಡೆಯುವುದು, ಗಾರೆ ಮತ್ತು ಸಿಮೆಂಟ್ ಕೆಲಸ, ಹಳೇ ಗೇಟು ಬಿಚ್ಚುವುದು ಈ ಮೊತ್ತದಲ್ಲಿ ಸೇರಿಲ್ಲ. ಫಿಟಿಂಗಿಗೆ ಬೇಕಾದ ಕರೆಂಟು ಮನೆಯವರದು." ಹಳೇ ಗೇಟಿನ ಗುಜರಿ ಯಾರಿಗೆ ಸೇರಬೇಕು ಎಂಬುದನ್ನೂ ಬರೆದುಬಿಡಿ. ನಗಬೇಡಿ, ಮೂರು ಸಾವಿರದ ಗುಜರಿಗಾಗಿ ಮೂವತ್ತು ಸಾವಿರದ ಬಾಕಿ ನಿಂತಿದ್ದು ನನಗೆ ಗೊತ್ತು.

ಅವಧಿ: "ಈ ದರ 7 ದಿನಕ್ಕೆ ಮಾತ್ರ." ಕಬ್ಬಿಣದ ರೇಟು ನಮ್ಮ ಮಾತು ಕೇಳುವುದಿಲ್ಲ. ಯುಗಾದಿಗೆ ಕೊಟ್ಟ ಕೊಟೇಷನ್ ಹಿಡಿದು ಗಣೇಶನ ಹಬ್ಬಕ್ಕೆ ಬರುವವರಿದ್ದಾರೆ.

ಸಮಯ: "ಅಡ್ವಾನ್ಸ್ ಬಂದು, ಅಂತಿಮ ಅಳತೆಯಾದ ದಿನದಿಂದ 10 ದಿನ." ಬರೀ "10 ದಿನ" ಎಂದರೆ ಅವರು ಕೊಟೇಷನ್ ತಾರೀಖಿನಿಂದ ಎಣಿಸುತ್ತಾರೆ. ಗೃಹಪ್ರವೇಶದ ಮುಹೂರ್ತ ಇಟ್ಟಿದ್ದಾರೆಯೇ ಎಂದು ಕೇಳಿಕೊಂಡು, ಅದಕ್ಕಿಂತ ಮೂರು ದಿನ ಮೊದಲೇ ಮುಗಿಯುವಂತಿದ್ದರೆ ಮಾತ್ರ ಒಪ್ಪಿಕೊಳ್ಳಿ.

ದುಡ್ಡು: ಆರ್ಡರ್ ಜೊತೆ 50 ಪರ್ಸೆಂಟ್, ಗೇಟು ಶಾಪಿನಿಂದ ಹೊರಡುವ ಮೊದಲು 40, ಫಿಟಿಂಗ್ ಆದ ದಿನ 10. ಅರ್ಧ ಅಡ್ವಾನ್ಸ್ ಕೇಳಲು ನಾಚಿಕೆ ಪಡುವುದೇನಿದೆ? 24,780ರಲ್ಲಿ ಅರ್ಧ ಎಂದರೆ 12,390, ಸಾಮಾನು ತಂದು ಅದರ ತೆರಿಗೆ ಕೊಟ್ಟು ಹಿಂಜು ಬಣ್ಣಕ್ಕೆ ಕೈ ಹಾಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಗೇಟು ಒಮ್ಮೆ ಪಿಲ್ಲರಿಗೆ ಕೂತಿತೆಂದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ ನಡುವಿನ ಆ ನಲವತ್ತನ್ನು ಮಾತ್ರ ನಾನು ಯಾರಿಗೂ, ನೆಂಟರಿಗೂ, ಬಿಟ್ಟುಕೊಡುವುದಿಲ್ಲ.

ಕಳಿಸಿದ ಮೇಲೆ

ಅಳತೆ ತೆಗೆದ ಎರಡು ದಿನದೊಳಗೆ ವಾಟ್ಸ್ಆ್ಯಪಿನಲ್ಲಿ ಪಿಡಿಎಫ್ ಕಳಿಸಿ. ಪುಸ್ತಕದ ಹಾಳೆಯ ಫೋಟೊ ಬೇಡ, ಅದರಲ್ಲಿ ನಿಮ್ಮ ಹೆಬ್ಬೆರಳೂ ಇನ್ನೊಬ್ಬ ಗಿರಾಕಿಯ ರೇಟೂ ಕಾಣುತ್ತಿರುತ್ತದೆ. ಕಳಿಸಿ ಸುಮ್ಮನಿರಬೇಡಿ, ಮೂರನೇ ದಿನ ಒಂದು ಫೋನು: "ಸಾರ್, ಕೊಟೇಷನ್ ನೋಡಿದ್ರಾ, ಏನಾದ್ರೂ ಅರ್ಥ ಆಗದೇ ಇದ್ರೆ ಹೇಳಿ." ಅಷ್ಟೇ. ದಿನಾ ಫೋನ್ ಮಾಡಿದರೆ ಕೆಲಸವಿಲ್ಲದೆ ಕೂತಿದ್ದಾನೆ ಎಂದುಕೊಂಡು ಇನ್ನೂ ಕಡಿಮೆ ಮಾಡಿಸುತ್ತಾರೆ.

ಶಾಲೆ, ಸೊಸೈಟಿ, ಟ್ರಸ್ಟಿನವರು ಮೂರು ಕೊಟೇಷನ್ ಕೇಳುತ್ತಾರೆ. ಕೆಲವರು "ಇನ್ನೆರಡನ್ನೂ ನೀವೇ ಬೇರೆ ಹೆಸರಲ್ಲಿ ತಂದುಬಿಡಿ" ಎನ್ನುತ್ತಾರೆ. ಆಗಲ್ಲ ಎಂದುಬಿಡಿ. ಆ ಕೆಲಸ ತಪ್ಪಿದರೆ ತಪ್ಪಲಿ, ನಾಳೆ ಆಡಿಟ್ ಬಂದಾಗ ಕೂತು ಉತ್ತರ ಹೇಳುವುದು ತಪ್ಪುತ್ತದೆ.

ಇನ್ನು ಚೌಕಾಸಿ. "ಲಾಸ್ಟ್ ಎಷ್ಟು?" ಎಂಬುದಕ್ಕೆ ನನ್ನದೊಂದು ರೂಢಿ: ದುಡ್ಡು ಇಳಿಯಬೇಕಾದರೆ ಕೆಲಸವೂ ಇಳಿಯಬೇಕು. 21,000ದಲ್ಲಿ 5 ಪರ್ಸೆಂಟ್ ಬಿಟ್ಟರೆ 1,050 ಹೋಯಿತು. ಅದು ಗೇಟಿನ ಬೆಲೆಯ ಐದು ಪರ್ಸೆಂಟ್, ಆದರೆ ನನ್ನ 3,100ರ ಲಾಭದಲ್ಲಿ ಮೂರರಲ್ಲೊಂದು ಪಾಲು. ಅದರ ಬದಲು, "ಮೇಡಂ, 16 ಗೇಜ್ ಶೀಟಿನ ಬದಲು ಅದಕ್ಕಿಂತ ತೆಳುವಾದ 18 ಗೇಜ್ ಹಾಕೋಣ, ರಾಡು ನಾಲ್ಕು ಇಂಚಿನ ಬದಲು ಐದು ಇಂಚಿಗೊಂದು ಇಡೋಣ, ಇಷ್ಟು ಕಡಿಮೆಯಾಗುತ್ತೆ" ಎಂದು ಲೆಕ್ಕ ಹಾಕಿ ತೋರಿಸುತ್ತೇನೆ. ಮನೆಯಲ್ಲಿ ನಾಯಿಮರಿ ಇದ್ದರೆ ಐದು ಇಂಚು ಬೇಡ ಎಂದು ಅವರೇ ಹೇಳುತ್ತಾರೆ. ಹೀಗೆ ಮಾತಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲಿನ ಕೊಟೇಷನ್ನಿಗೇ ವಾಪಸ್ ಬಂದಿದ್ದಾರೆ. ಹಳೇ ಗಿರಾಕಿಯಾದರೆ ಮುನ್ನೂರು ನಾನೂರು ಬಿಡುತ್ತೇನೆ, ಅದು ಬೇರೆ ಮಾತು, ಅವರ ಮನೆಯಲ್ಲಿ ಕಾಫಿ ಕುಡಿದಿರುತ್ತೇನೆ.

ಒಪ್ಪಿಗೆ ಬರಹದಲ್ಲಿ

"ಆಯ್ತು ಮಾಡಿ" ಎಂಬ ಮಾತು ಸಾಲದು. ಆ ಪಿಡಿಎಫಿನ ಕೆಳಗೆ ಒಂದು "ಒಪ್ಪಿಗೆ" ಎಂದು ಮೆಸೇಜ್ ಹಾಕಿಸಿಕೊಳ್ಳಿ, ಅಡ್ವಾನ್ಸ್ ಬಂದಾಗ ಕೊಟೇಷನ್ ನಂಬರ್ ಹಾಕಿ ರಸೀದಿ ಕೊಡಿ. ಸಾಮಾನು ತರುವುದು ಆಮೇಲೆ.

ಕೆಲಸದ ನಡುವೆ ಬರುವ "ಹಾಗೇ ಒಂದು ಚಿಕ್ಕದು" ಇದೆಯಲ್ಲ, ಅದು ನಮ್ಮ ಕಸುಬಿನ ಗೆದ್ದಲು. ಹಾಗೇ ಒಂದು ಲೆಟರ್ ಬಾಕ್ಸು, ಹಾಗೇ ಮೀಟರ್ ಬೋರ್ಡಿಗೊಂದು ಬಾಗಿಲು, ಹಾಗೇ ತುಳಸಿ ಕಟ್ಟೆಗೊಂದು ಗ್ರಿಲ್. ಆಗಲ್ಲ ಎನ್ನಬೇಡಿ. ಅಲ್ಲೇ ನಿಂತು ಫೋನ್ ತೆಗೆದು "ಹೆಚ್ಚುವರಿ: ಮೀಟರ್ ಬಾಗಿಲು ಒಂದು, 1,400 ಪ್ಲಸ್ ಜಿಎಸ್‌ಟಿ" ಎಂದು ಮೆಸೇಜ್ ಹಾಕಿ, ಅವರು ಸರಿ ಅಂದ ಮೇಲೆ ಮಾಡಿ. ಮೆಸೇಜ್ ನೋಡಿದ ಕೂಡಲೇ ಅರ್ಧದಷ್ಟು ಚಿಕ್ಕ ಕೆಲಸಗಳು ಬೇಡವಾಗುತ್ತವೆ.

ಪುಸ್ತಕದ ಬಲಗಡೆಯ ಸಾಲು

ಕೊಟೇಷನ್ ಮಾಡುವಾಗ ಹಾಕಿದ ಪ್ರತಿ ಅಂಕಿಯ ಬಲಗಡೆ ಒಂದು ಖಾಲಿ ಸಾಲು ಬಿಡಿ. ಗೇಟು ಕೂರಿಸಿ ಬಂದ ಸಂಜೆಯೇ ನಿಜವಾಗಿ ಆದ ಖರ್ಚನ್ನು ಅಲ್ಲಿ ತುಂಬಿ. ನಾಳೆ ಎಂದರೆ ಆಗುವುದಿಲ್ಲ, ಆಟೊದವನಿಗೆ ಎಷ್ಟು ಕೊಟ್ಟಿರೆಂಬುದೇ ಮರೆತಿರುತ್ತದೆ. ಬಾರದ ಕೆಲಸಗಳ ಪಕ್ಕದಲ್ಲಿ ಏಕೆ ಬರಲಿಲ್ಲ ಎಂಬುದನ್ನೂ ಒಂದೆರಡು ಪದದಲ್ಲಿ ಬರೆಯುತ್ತೇನೆ: "ರೇಟ್ ಜಾಸ್ತಿ", "ಲೇಟಾಗಿ ಕಳಿಸಿದೆ", "ಭಾಮೈದನೇ ವೆಲ್ಡರ್". ಎರಡನೆಯದು ನನ್ನ ಪುಸ್ತಕದಲ್ಲಿ ನಾನಂದುಕೊಂಡಿದ್ದಕ್ಕಿಂತ ಹೆಚ್ಚು ಸಲ ಸಿಕ್ಕಿತು.

ಆರು ತಿಂಗಳು ತುಂಬಿಸಿ ಒಮ್ಮೆ ಕೂತು ನೋಡಿದಾಗ ಕೂಲಿಯ ಅಂದಾಜು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆಯಾಗಿ ಸರಿಹೋಗಿತ್ತು. ಸಾಮಾನೂ ಸರಿಯಿತ್ತು. ಬಣ್ಣದ ಸಾಲಿನಲ್ಲಿ ಮಾತ್ರ ಪ್ರತಿ ಗೇಟಿಗೂ ಇನ್ನೂರು ಮುನ್ನೂರು ಹೆಚ್ಚೇ ಆಗಿತ್ತು. ಮೇಲಿನ ಪಟ್ಟಿಯಲ್ಲಿ ಬಣ್ಣಕ್ಕೆ 1,000 ಎಂದು ಬರೆದಿದ್ದೇನಲ್ಲ, ಆ ಸಂಜೆಯವರೆಗೂ ಅಲ್ಲಿ 700 ಎಂದಿರುತ್ತಿತ್ತು.